ಮ್ಯಾಚಿನ ‘ಟಿಪ್’ ಮಾರಾಟಕ್ಕಿದೆ, ರೊಕ್ಕದ ಲೆಕ್ಕ ಮಾತ್ರ ಕೇಳಬ್ಯಾಡ್ರಿ!

* ಮೊಬೈಲಿಗೆ ಬರುವ ‘ಪಕ್ಕಾ ರಿಪೋರ್ಟ್’ ಎಷ್ಟು ಪಕ್ಕಾ?
* ಕಬ್ಬಿನ ಬಿಲ್ಲು ಬಂದ ಹೊತ್ತಿಗೇ ಐಪಿಎಲ್ ಹಂಗಾಮು
* ಮನೆಯಲ್ಲೇ ಮಾಡಬಹುದಾದ ಒಂದು ತಿಂಗಳ ಪರೀಕ್ಷೆ

ಸೊಲ್ಲಾಪುರ: ಗಡಿನಾಡಿನ ನಮ್ಮ ಊರುಗಳಿಗೆ ಜೂಜು ಹೊಸದೇನಲ್ಲ. ನ್ಯೂಯಾರ್ಕಿನಿಂದ ಮುಂಬಯಿಗೆ ತಂತಿಯಲ್ಲಿ ಬರುತ್ತಿದ್ದ ಹತ್ತಿಯ ಓಪನ್ ದರ, ಕ್ಲೋಸ್ ದರಗಳ ಮೇಲೆ ರೊಕ್ಕ ಕಟ್ಟುವ ಆಟವೊಂದಿತ್ತು. 1960ರ ದಶಕದಲ್ಲಿ ಅದೇ ಆಟ ಮಡಕೆಯಿಂದ ಚೀಟಿ ಎತ್ತುವ ಮಟ್ಕಾ ಆಯಿತು. ಓಪನ್-ಕ್ಲೋಸ್ ಎಂಬ ಹೆಸರು ಗಡಿಯ ಈಚೆ ಆಚೆ ಎರಡೂ ಕಡೆ ‘ಓಸಿ’ ಎಂದು ನಾಲಿಗೆಗೆ ಹತ್ತಿತು. ಎಷ್ಟೋ ಮನೆಗಳ ಪಗಾರ ಆ ಮಡಕೆಯಲ್ಲೇ ಕರಗಿತು.

ಆ ಕಾಲದಲ್ಲೂ ಆಡುವವನಿಗಿಂತ ಜಾಣ ಇನ್ನೊಬ್ಬನಿದ್ದ. ಅವನು ತಾನು ಆಡುತ್ತಿರಲಿಲ್ಲ, ನಾಳೆಯ ನಂಬರ್ ಹೇಳುತ್ತಿದ್ದ. ಕನಸಿನ ಅರ್ಥ, ಚಾರ್ಟು, ಅಂಕಿಯ ಕೂಡಿಸು-ಕಳೆ ಎಂದು ಏನೇನೋ ತೋರಿಸಿ ನಾಲ್ಕು ಕಾಸು ಮಾಡಿಕೊಳ್ಳುತ್ತಿದ್ದ. ನಂಬರ್ ಬಿದ್ದರೆ ಅವನ ಕೀರ್ತಿ, ಬೀಳದಿದ್ದರೆ ನಿಮ್ಮ ನಸೀಬು!

ಈಗ ಅಂಥವನ ಅಂಗಡಿ ಮೊಬೈಲಿಗೆ ಬಂದಿದೆ. ಮಟ್ಕಾದ ಜಾಗದಲ್ಲಿ ಕ್ರಿಕೆಟ್ ಕುಂತಿದೆ. ‘ಇಂದಿನ ಮ್ಯಾಚ್ ಪಕ್ಕಾ ರಿಪೋರ್ಟ್’, ‘100 ಪರ್ಸೆಂಟ್ ಗ್ಯಾರಂಟಿ’, ‘ಲಾಸ್ ರಿಕವರಿ ಒಂದೇ ದಿನದಲ್ಲಿ’ ಎಂಬ ಮೆಸೇಜುಗಳು ಹಿಂದಿ, ಮರಾಠಿ, ಇಂಗ್ಲಿಷಿನಲ್ಲಿ ಬಂದು ಬೀಳುತ್ತವೆ. ಅಕ್ಕಲಕೋಟೆ, ಜತ್ತದ ಹಳ್ಳಿಯ ಹುಡುಗನ ಕೈಯಲ್ಲೂ ಅದೇ, ಹೊಸೂರು, ರಾಯದುರ್ಗ, ಆದೋನಿಯ ಹುಡುಗನ ಕೈಯಲ್ಲೂ ಅದೇ.

ಹೊತ್ತು ಕೂಡ ಸರಿಯಾಗಿ ನೋಡಿಕೊಂಡೇ ಬಂದಂತಿದೆ. ಐಪಿಎಲ್ ನಡೆಯುವುದು ಸಾಮಾನ್ಯವಾಗಿ ಮಾರ್ಚ್ ಕೊನೆಯಿಂದ ಮೇ ತಿಂಗಳವರೆಗೆ. 2025ರ ಹಂಗಾಮಿಗೆ 10 ತಂಡಗಳ 74 ಪಂದ್ಯ ನಿಗದಿಯಾಗಿದ್ದವು, ಅಂದರೆ ಹೆಚ್ಚು ಕಡಿಮೆ ದಿನಕ್ಕೊಂದು. ಇದೇ ವೇಳೆಗೆ ನಮ್ಮ ಮನೆಗಳಿಗೆ ಕಬ್ಬಿನ ಬಿಲ್ಲು, ದ್ರಾಕ್ಷಿಯ ರೊಕ್ಕ, ತೊಗರಿ ಮಾರಿದ ಹಣ ಬಂದಿರುತ್ತದೆ. ಮದುವೆಗಳ ಸುಗ್ಗಿಯೂ ಆಗಲೇ. ಅಪ್ಪನ ಖಾತೆಯ ರೊಕ್ಕ ಮಗನ ಫೋನಿನಲ್ಲೇ ಓಡಾಡುವ ಕಾಲವಿದು. ಹಾಗಾಗಿ ಟಿಪ್ ಮಾರುವವನ ಮಾತನ್ನು ಒಮ್ಮೆ ತಕ್ಕಡಿಗೆ ಹಾಕಿ ನೋಡುವುದು ಒಳ್ಳೆಯದು.

ಅಂಗಡಿ ನಡೆಯುವ ಬಗೆ

ವ್ಯಾಪಾರದ ನಕ್ಷೆ ಎಲ್ಲ ಕಡೆ ಒಂದೇ. ಮೊದಲು ಟೆಲಿಗ್ರಾಂನಲ್ಲಿ ಪುಕ್ಕಟೆ ಚಾನೆಲ್. ಅಲ್ಲಿ ದಿನಾ ಒಂದು ತಂಡದ ಹೆಸರು. ಸರಿಯಾದ ದಿನ ಪಟಾಕಿಯ ಚಿತ್ರ, ನೋಟಿನ ಕಂತೆಯ ಫೋಟೊ, ‘ಅಣ್ಣಾ, ಥ್ಯಾಂಕ್ಸ್’ ಎಂದು ಯಾರೋ ಕಳಿಸಿದ ಸ್ಕ್ರೀನ್‌ಶಾಟು. ತಪ್ಪಾದ ದಿನ ಆ ಮೆಸೇಜೇ ಮಾಯ! ಚಾನೆಲ್ ನಡೆಸುವವನು ಹಳೆಯ ಮೆಸೇಜನ್ನು ಅಳಿಸಿದರೆ ಓದುವವನಿಗೆ ಗೊತ್ತೇ ಆಗುವುದಿಲ್ಲ. ವಾರ ಬಿಟ್ಟು ಸೇರಿದವನಿಗೆ ಕಾಣುವುದು ಬರೀ ಗೆದ್ದ ಟಿಪ್‌ಗಳ ಸಾಲು.

ಆಮೇಲೆ ‘ವಿಐಪಿ ಗ್ರೂಪ್’. ಇದಕ್ಕೆ ಫೀ. ತಿಂಗಳಿಗೆ ಇಷ್ಟು, ಇಡೀ ಹಂಗಾಮಿಗೆ ಇಷ್ಟು, ‘ಜಾಕ್‌ಪಾಟ್ ಮ್ಯಾಚ್’ಗೆ ಬೇರೆ. ರೊಕ್ಕ ಹಾಕಬೇಕಾದ ಯುಪಿಐ ಐಡಿ ದಿನಕ್ಕೊಂದು. ಹೆಸರು ಒಬ್ಬರದು, ಖಾತೆ ಇನ್ನೊಬ್ಬರದು. ಮಾತಾಡುವವನ ಮುಖ ಕಂಡವರು ಯಾರೂ ಇಲ್ಲ.

ಮನೆಯ ಪಡಸಾಲೆಯಲ್ಲಿ ನಡೆಯಬಹುದಾದ ಒಂದು ಮಾತುಕತೆಯನ್ನು ಊಹಿಸಿಕೊಳ್ಳೋಣ.

“ಕಾಕಾ, ಅಂವ ಹೇಳಿದ್ದು ಆರಕ್ಕ ಆರೂ ಖರೇ ಆತು ನೋಡ್ರಿ.”

“ಅಷ್ಟು ಖರೇ ಆಗೂದಿದ್ರ ಅಂವ ತಾನ ಹಚ್ಚಿ ಸಾವ್ಕಾರ ಆಗಬೇಕಾಗಿತ್ತಲ್ಲೋ ತಮ್ಮಾ. ಎರಡು ಸಾವಿರಕ್ಕ ನಿನಗ್ಯಾಕ ಮಾರ್ತಾನ?”

ಕಾಕಾನ ಪ್ರಶ್ನೆ ಒಳ್ಳೆಯದೇ. ಆದರೆ ಹುಡುಗನ ಮಾತಿಗೆ ಅದು ಪೂರ್ತಿ ಉತ್ತರವಲ್ಲ. ಆರಕ್ಕೆ ಆರು ಸರಿ ಬಂದದ್ದನ್ನು ಅವನು ಕಣ್ಣಾರೆ ಕಂಡಿದ್ದಾನೆ. ಅದು ಹೇಗೆ ಬಂತು ಎಂದು ತಿಳಿಸಿ ಹೇಳದಿದ್ದರೆ ‘ಹಳೇ ಮಂದಿಗೆ ಇದೆಲ್ಲಾ ತಿಳಿಯಂಗಿಲ್ಲ’ ಎಂದು ಎದ್ದು ಹೋಗುತ್ತಾನೆ.

ಆರಕ್ಕೆ ಆರು ಹೇಳುವ ಉಪಾಯ

ಲೆಕ್ಕ ಹೀಗಿದೆ. ಒಬ್ಬನ ಹತ್ತಿರ 6,400 ಫೋನ್ ನಂಬರುಗಳಿವೆ ಎನ್ನಿ. ಮೊದಲ ಪಂದ್ಯಕ್ಕೆ 3,200 ಜನರಿಗೆ ‘ಈ ತಂಡ’ ಎನ್ನುತ್ತಾನೆ, ಉಳಿದ 3,200 ಜನರಿಗೆ ‘ಆ ತಂಡ’ ಎನ್ನುತ್ತಾನೆ. ಯಾರು ಗೆದ್ದರೂ 3,200 ಜನರಿಗೆ ಅವನ ಮಾತು ಸರಿ. ತಪ್ಪು ಹೋದವರನ್ನು ಬಿಟ್ಟುಬಿಡುತ್ತಾನೆ. ಎರಡನೇ ಪಂದ್ಯಕ್ಕೆ ಆ 3,200 ಜನರನ್ನು ಮತ್ತೆ ಅರ್ಧ ಮಾಡುತ್ತಾನೆ. ಉಳಿದವರು 1,600. ಹೀಗೇ 800, 400, 200. ಆರನೇ ಪಂದ್ಯ ಮುಗಿದಾಗ 100 ಜನ ಉಳಿಯುತ್ತಾರೆ. ಈ ನೂರು ಮಂದಿಯ ಕಣ್ಣಿಗೆ ಅವನು ಆರಕ್ಕೆ ಆರು ಸರಿ ಹೇಳಿದ ದೇವಮಾನವ! ಪ್ರತಿಯೊಬ್ಬರಿಂದ 5,000 ರೂಪಾಯಿ ಎತ್ತಿದರೂ 5 ಲಕ್ಷ ರೂಪಾಯಿ. ಕ್ರಿಕೆಟ್ಟಿನ ಗಂಧವೂ ಅವನಿಗೆ ಬೇಕಿಲ್ಲ.

ಇದು ಬರೀ ಕಾಗದದ ಲೆಕ್ಕವಲ್ಲ. ಬ್ರಿಟನ್ನಿನ ಜಾದೂಗಾರ ಡೆರನ್ ಬ್ರೌನ್ 2008ರಲ್ಲಿ ‘ದಿ ಸಿಸ್ಟಮ್’ ಎಂಬ ಟಿವಿ ಕಾರ್ಯಕ್ರಮದಲ್ಲಿ ಇದನ್ನೇ ಮಾಡಿ ತೋರಿಸಿದರು. ಒಬ್ಬ ಹೆಣ್ಣುಮಗಳಿಗೆ ಐದು ಕುದುರೆ ಪಂದ್ಯಗಳ ಗೆಲುವನ್ನು ಮುಂಚಿತವಾಗಿ ತಿಳಿಸಲಾಯಿತು. ಐದೂ ಸರಿಯಾದವು. ಅವಳು ಪೂರ್ತಿ ನಂಬಿದಳು. ಕೊನೆಗೆ ಗುಟ್ಟು ಹೊರಬಿತ್ತು. ಶುರುವಾದದ್ದು 7,776 ಜನರಿಂದ. ಅವರನ್ನು ಆರು ಗುಂಪು ಮಾಡಿ ಆರು ಕುದುರೆಗಳನ್ನು ಹಂಚಲಾಗಿತ್ತು. 1,296, 216, 36, 6 ಎಂದು ಸೋಸುತ್ತಾ ಬಂದು ಕೊನೆಗೆ ಉಳಿದವಳು ಅವಳೊಬ್ಬಳು. ಸೋತ 7,775 ಜನರ ಸುದ್ದಿ ಅವಳಿಗೆ ಗೊತ್ತೇ ಇರಲಿಲ್ಲ.

ಮೋಸವೇ ಇಲ್ಲದೆಯೂ ಹೀಗಾಗುತ್ತದೆ. 2010ರ ವಿಶ್ವಕಪ್ ಫುಟ್‌ಬಾಲಿನಲ್ಲಿ ಜರ್ಮನಿಯ ಪಾಲ್ ಎಂಬ ಅಷ್ಟಪದಿ ಎಂಟಕ್ಕೆ ಎಂಟು ಪಂದ್ಯದ ಭವಿಷ್ಯ ‘ಸರಿ’ ಹೇಳಿ ಜಗತ್ತಿನ ಸುದ್ದಿಯಾಯಿತು. ಅದೇ ಪಾಲ್ 2008ರ ಯುರೋ ಕಪ್‌ನಲ್ಲಿ ಆರರಲ್ಲಿ ಎರಡು ತಪ್ಪಿತ್ತು. ಸಿಂಗಪುರದಲ್ಲಿ ಮಣಿ ಎಂಬ ಗಿಣಿಯೂ 2010ರಲ್ಲಿ ಹೆಸರು ಮಾಡಿತು. ನಮ್ಮ ಜಾತ್ರೆಗಳಲ್ಲಿ ಚೀಟಿ ಎತ್ತುವ ಗಿಣಿಶಾಸ್ತ್ರದ ಗಿಣಿಯೇ ಅದು! ಕ್ವಾರ್ಟರ್ ಫೈನಲ್ ನಾಲ್ಕೂ ಸರಿ ಹೇಳಿತು, ಫೈನಲ್‌ಗೆ ನೆದರ್ಲೆಂಡ್ಸ್ ಚೀಟಿ ಎತ್ತಿತು. ಕಪ್ ಗೆದ್ದದ್ದು ಸ್ಪೇನ್.

ಜಗತ್ತಿನಲ್ಲಿ ಸಾವಿರಾರು ಮಂದಿ ದಿನಾ ಭವಿಷ್ಯ ಹೇಳುತ್ತಿದ್ದರೆ ಯಾರೋ ಒಬ್ಬನದು ಸಾಲಾಗಿ ಸರಿ ಬರಲೇಬೇಕು. ನಮಗೆ ಕಾಣುವುದು ಅವನೊಬ್ಬನೇ.

ಬುಕ್ಕಿಯ ಪಾಲು, ಟಿಪ್ಪಿನ ಫೀ

ಮೋಸಗಾರರನ್ನು ಬದಿಗಿಡೋಣ. ನಿಜವಾಗಿಯೂ ಆಟ ಬಲ್ಲವನೊಬ್ಬ ಪ್ರಾಮಾಣಿಕವಾಗಿ ಟಿಪ್ ಕೊಡುತ್ತಾನೆ ಎನ್ನೋಣ. ಆಗಲಾದರೂ ಲಾಭವಿದೆಯೇ?

ಎರಡೂ ತಂಡ ಸಮಬಲ ಎನ್ನುವ ಪಂದ್ಯಕ್ಕೆ ರೇಟು 1.90 ಇದೆ ಎಂದುಕೊಳ್ಳಿ. ಅಂದರೆ 100 ರೂಪಾಯಿ ಹಚ್ಚಿ ಗೆದ್ದರೆ ನಿಮ್ಮ ನೂರೂ ಸೇರಿ 190 ಬರುತ್ತದೆ. ಒಬ್ಬ ಎರಡೂ ತಂಡಕ್ಕೆ ನೂರು ನೂರು ಹಚ್ಚಿದರೆ ಕೈಯಿಂದ 200 ಹೋಗಿ 190 ಮರಳಿ ಬರುತ್ತದೆ. ಮಿಕ್ಕ 10 ರೂಪಾಯಿ ಬುಕ್ಕಿಯ ಪಾಲು. ಪೈಸೆ ಲೆಕ್ಕದಲ್ಲಿ ‘ಲಗಾಯಿ-ಖಾಯಿ’ ಎಂದು ಎರಡು ರೇಟು ಹೇಳುವಲ್ಲೂ ಎರಡರ ನಡುವಿನ ಪೈಸೆಯೇ ಅವನ ಊಟ.

ಹಾಗಾಗಿ 1.90 ರೇಟಿನಲ್ಲಿ ಬರೀ ಅಸಲು ಉಳಿಯಬೇಕಾದರೂ 100ಕ್ಕೆ ಸುಮಾರು 53 ಸರಿ ಬರಬೇಕು. ಅರ್ಧಕ್ಕರ್ಧ ಸರಿ ಹೇಳಿದವನು ಸೋತವನೇ.

ಈಗ ಟಿಪ್ಪಿನ ಫೀ ಸೇರಿಸಿ. ತಿಂಗಳಿಗೆ 2,000 ರೂಪಾಯಿ ಫೀ, 20 ಪಂದ್ಯ, ಪ್ರತಿ ಪಂದ್ಯಕ್ಕೆ 500 ರೂಪಾಯಿ ಎಂದು ಲೆಕ್ಕ ಹಿಡಿಯೋಣ.

10 ಸರಿ, 10 ತಪ್ಪು: ಗೆದ್ದದ್ದು 4,500, ಸೋತದ್ದು 5,000. ಫೀ ಸೇರಿ ನಷ್ಟ 2,500 ರೂಪಾಯಿ.

12 ಸರಿ, 8 ತಪ್ಪು: ಗೆದ್ದದ್ದು 5,400, ಸೋತದ್ದು 4,000. ಫೀ ಕಳೆದರೆ ಆಗಲೂ ನಷ್ಟ 600 ರೂಪಾಯಿ.

13 ಸರಿ, 7 ತಪ್ಪು: ಗೆದ್ದದ್ದು 5,850, ಸೋತದ್ದು 3,500. ಫೀ ಕಳೆದು ಉಳಿಯುವುದು ಬರೀ 350 ರೂಪಾಯಿ.

ನೋಡಿ, 20ರಲ್ಲಿ 12 ಸರಿ ಹೇಳಿದ ಜಾಣನನ್ನು ನಂಬಿದರೂ ಮನೆಯ ರೊಕ್ಕ ಹೋಯಿತು! ಇತ್ತ ಟಿಪ್ ಮಾರಿದವನಿಗೆ ಸರಿಯೋ ತಪ್ಪೋ, 2,000 ರೂಪಾಯಿ ಖಾಯಂ. ನಷ್ಟದ ಪಾಲು ಅವನಿಗೆ ಒಂದು ಪೈಸೆಯೂ ಇಲ್ಲ.

‘ಹಂಗಾದ್ರ ದೊಡ್ಡ ರೊಕ್ಕ ಹಚ್ಚಿದ್ರ ಫೀ ಹಗುರ ಆಗ್ತದಲ್ಲ’ ಎನ್ನುವವರಿದ್ದಾರೆ. ಆಗ ಫೀ ಹಗುರವಾಗುತ್ತದೆ ನಿಜ, ಆದರೆ ಬುಕ್ಕಿಯ ಪಾಲು ಅದೇ ಪ್ರಮಾಣದಲ್ಲಿ ದೊಡ್ಡದಾಗುತ್ತದೆ. ಸೋತ ದಿನ ಹೋಗುವುದೂ ದೊಡ್ಡದೇ.

ಇನ್ನೊಂದು ಸೂಕ್ಷ್ಮವಿದೆ. ನಾಣ್ಯ ಚಿಮ್ಮಿ ಹೇಳುವ 100 ಮಂದಿಯನ್ನು ಕೂರಿಸಿದರೂ ಅವರಲ್ಲಿ ಸುಮಾರು 13 ಮಂದಿಗೆ 20ರಲ್ಲಿ 13 ಅಥವಾ ಅದಕ್ಕಿಂತ ಹೆಚ್ಚು ಸರಿ ಬರುತ್ತದೆ. ಅಂದರೆ ಒಂದು ತಿಂಗಳ ‘ಸಾಧನೆ’ ನೋಡಿ ಮೆಚ್ಚಿದರೆ ನಾವು ಮೆಚ್ಚಿದ್ದು ನಾಣ್ಯವನ್ನು. 100 ಟಿಪ್ಪಿನಲ್ಲಿ 55 ಸರಿ ಎನ್ನುವುದೂ ದೊಡ್ಡ ಮಾತಲ್ಲ. 100 ಮಂದಿ ನಾಣ್ಯ ಚಿಮ್ಮುವವರಲ್ಲಿ ಸುಮಾರು 18 ಮಂದಿ ಅದನ್ನು ಮುಟ್ಟುತ್ತಾರೆ. ಅದೃಷ್ಟ ಯಾವುದು, ಬುದ್ಧಿ ಯಾವುದು ಎಂದು ಬೇರ್ಪಡಿಸಲು ನೂರಾರು ಟಿಪ್‌ಗಳ ಲೆಕ್ಕ ಬೇಕು.

‘ನಮ್ಮದು 75 ಪರ್ಸೆಂಟ್ ಸರಿ’ ಎಂಬ ಜಂಬಕ್ಕೂ ಮರುಳಾಗಬೇಡಿ. ಎಲ್ಲರಿಗೂ ಗೊತ್ತಿರುವ ಬಲಿಷ್ಠ ತಂಡವನ್ನೇ ಹೇಳಿದರೆ 75 ಸರಿ ಬರುವುದು ಕಷ್ಟವಲ್ಲ. ಆದರೆ ಅಂಥ ತಂಡದ ರೇಟು 1.25 ಇದ್ದರೆ ನೂರಕ್ಕೆ ಬರುವ ಲಾಭ 25 ರೂಪಾಯಿ ಮಾತ್ರ. 20ರಲ್ಲಿ 15 ಗೆದ್ದರೆ 375 ಬಂತು, 5 ಸೋತರೆ 500 ಹೋಯಿತು. ಮುಕ್ಕಾಲು ಪಾಲು ಸರಿ ಹೇಳಿಯೂ ನಷ್ಟ 125! ‘ಎಷ್ಟು ಸರಿ’ ಎಂದು ಕೇಳಿದರೆ ಸಾಲದು, ‘ಯಾವ ರೇಟಿಗೆ ಸರಿ’ ಎಂದೂ ಕೇಳಬೇಕು.

‘ರಿಕವರಿ’ ಎಂಬ ಉರುಲು

ಟಿಪ್ ತಪ್ಪಿ ಹುಡುಗ ಅಳುಮುಖ ಮಾಡಿದಾಗ ಬರುವ ಮುಂದಿನ ಉಪದೇಶವೇ ‘ರಿಕವರಿ’. ಸೋತಿದ್ದನ್ನು ದುಪ್ಪಟ್ಟು ಮಾಡಿ ಹಚ್ಚು, ಒಂದು ಸಲ ಗೆದ್ದರೆ ಎಲ್ಲಾ ವಾಪಸ್ ಎನ್ನುತ್ತಾರೆ. ಕೇಳಲಿಕ್ಕೆ ಚಂದ.

500, 1,000, 2,000, 4,000 ಎಂದು ನಾಲ್ಕು ಸಲ ಸೋತರೆ ಹೋದದ್ದು 7,500 ರೂಪಾಯಿ. ಐದನೇ ಸಲ 8,000 ಹಚ್ಚಿ 1.90 ರೇಟಿನಲ್ಲಿ ಗೆದ್ದರೆ ಲಾಭ 7,200. ಗೆದ್ದ ಮೇಲೂ 300 ರೂಪಾಯಿ ಕೈಬಿಟ್ಟಿತು. ಆರು ಸಲ ಸೋತರೆ ಹೋದದ್ದು 31,500. ಏಳನೇ ಸಲ 32,000 ಹಚ್ಚಿ ಗೆದ್ದರೂ 2,700 ಖೋತಾ.

ಸಾಲಾಗಿ ಆರು ಸೋಲು ಅಪರೂಪ ಎಂದುಕೊಳ್ಳಬೇಡಿ. ಅರ್ಧಕ್ಕರ್ಧ ಸಾಧ್ಯತೆಯ ಆಟವನ್ನು 100 ಸಲ ಆಡಿದರೆ ಎಲ್ಲೋ ಒಂದು ಕಡೆ ಸಾಲಾಗಿ ಆರು ಸೋಲು ಬರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. 500 ರೂಪಾಯಿಯ ಆಟ ಅಕ್ಕನ ಮದುವೆಗೆಂದು ತೆಗೆದಿಟ್ಟ ರೊಕ್ಕದವರೆಗೆ ಹೋಗುವುದು ಹೀಗೆ, ಒಂದೇ ವಾರದಲ್ಲಿ.

ಟಿಪ್ ಕೊಡುವವನ ಅನ್ನ ಎಲ್ಲಿಂದ?

ಕೆಲವರು ಟಿಪ್ಪಿಗೆ ಫೀ ಕೇಳುವುದೇ ಇಲ್ಲ. ‘ಪುಕ್ಕಟೆ ಕೊಡ್ತೀನಿ, ಈ ಲಿಂಕಿನಿಂದ ಐಡಿ ಮಾಡ್ಕೋ’ ಎನ್ನುತ್ತಾರೆ. ಆ ಲಿಂಕಿನಲ್ಲೇ ಗುಟ್ಟಿದೆ. ಬೆಟ್ಟಿಂಗ್ ನಡೆಸುವವರು ಗಿರಾಕಿ ಕರೆತಂದವನಿಗೆ ಕಮಿಷನ್ ಕೊಡುವುದು ಜಗತ್ತಿನಾದ್ಯಂತ ಇರುವ ಪದ್ಧತಿ. ಒಂದು ಬಗೆಯಲ್ಲಿ ತಲೆಗೆ ಇಂತಿಷ್ಟು. ಇನ್ನೊಂದು ಬಗೆಯಲ್ಲಿ ಆ ಗಿರಾಕಿ ಕಳೆದುಕೊಂಡ ರೊಕ್ಕದಲ್ಲಿ ಪಾಲು. ಅಂದರೆ ನೀವು ಸೋತಷ್ಟೂ ಟಿಪ್ ಕೊಟ್ಟವನಿಗೆ ಲಾಭ! ಅಂಥವನು ನಿಮಗೆ ಗೆಲ್ಲುವ ದಾರಿ ತೋರಿಸಿಯಾನೆ?

ಈ ಜಾಲ ಎಷ್ಟು ದೊಡ್ಡದು ಎಂಬುದಕ್ಕೆ ಮಹದೇವ್ ಆ್ಯಪ್ ಪ್ರಕರಣ ಸಾಕ್ಷಿ. ಛತ್ತೀಸ್‌ಗಢದ ಭಿಲಾಯಿ ಮೂಲದವರು ದುಬೈನಲ್ಲಿ ಕುಂತು ನಡೆಸುತ್ತಿದ್ದರು ಎಂದು ಜಾರಿ ನಿರ್ದೇಶನಾಲಯ ಹೇಳಿದ ಈ ಜಾಲವೂ ಸೇರಿದಂತೆ 22 ಅಕ್ರಮ ಬೆಟ್ಟಿಂಗ್ ಆ್ಯಪ್, ತಾಣಗಳನ್ನು ಕೇಂದ್ರ ಸರ್ಕಾರ 2023ರ ನವೆಂಬರ್‌ನಲ್ಲಿ ಬಂದ್ ಮಾಡಿಸಿತು. ಒಂದು ಬಂದ್ ಆದರೆ ಹೆಸರು ಬದಲಿಸಿ ಇನ್ನೊಂದು ತಲೆ ಎತ್ತುವುದು ಇಂಥ ಜಾಲಗಳ ಚಾಳಿ.

ನಮ್ಮ ಹುಡುಗರು ಎಚ್ಚರವಿರಬೇಕಾದ ಮತ್ತೊಂದು ಸಂಗತಿ ಖಾತೆ ಬಾಡಿಗೆ. ‘ನಿನ್ನ ಬ್ಯಾಂಕ್ ಖಾತೆ, ಎಟಿಎಂ ಕಾರ್ಡು, ಸಿಮ್ ಕೊಡು, ತಿಂಗಳಿಗೆ ಇಷ್ಟು ಕೊಡ್ತೀವಿ’ ಎನ್ನುವವರಿದ್ದಾರೆ. ಆ ಖಾತೆಯಲ್ಲಿ ಹರಿಯುವುದು ಬೆಟ್ಟಿಂಗ್ ಹಾಗೂ ವಂಚನೆಯ ರೊಕ್ಕ. ಎಲ್ಲೋ ದೂರದ ರಾಜ್ಯದಲ್ಲಿ ದೂರು ದಾಖಲಾದರೆ ಖಾತೆ ಜಾಮ್ ಆಗುವುದು ಹುಡುಗನದು, ಪೊಲೀಸರು ಬಾಗಿಲು ಬಡಿಯುವುದೂ ಅವನದೇ. ಕಬ್ಬಿನ ಬಿಲ್ಲು ಅದೇ ಖಾತೆಗೆ ಬರುವುದಿದ್ದರೆ ಅದೂ ಸಿಕ್ಕಿಕೊಂಡಿತು.

‘ಫಿಕ್ಸ್ ಆಗೇದ ಅಂತ, ಕಾಕಾ’

ಟಿಪ್ ಮಾರುವವರ ಬ್ರಹ್ಮಾಸ್ತ್ರ ಇದು. ‘ಮ್ಯಾಚ್ ಫಿಕ್ಸ್ ಆಗಿದೆ, ಒಳಗಿನ ಸುದ್ದಿ ನಮ್ಮ ಕಡೆ ಇದೆ’. ಜನ ನಂಬಲು ಕಾರಣವೂ ಇದೆ. 2000ರಲ್ಲಿ ದಕ್ಷಿಣ ಆಫ್ರಿಕದ ನಾಯಕ ಹ್ಯಾನ್ಸಿ ಕ್ರೋನಿಯೆ ಪ್ರಕರಣ ಬಯಲಾಯಿತು. 2013ರ ಐಪಿಎಲ್ ವೇಳೆ ಸ್ಪಾಟ್ ಫಿಕ್ಸಿಂಗ್ ಆರೋಪದಲ್ಲಿ ದೆಹಲಿ ಪೊಲೀಸರು ಆಟಗಾರರನ್ನೇ ಬಂಧಿಸಿದರು. 2015ರಲ್ಲಿ ಲೋಧಾ ಸಮಿತಿ ಚೆನ್ನೈ ಸೂಪರ್ ಕಿಂಗ್ಸ್ ಹಾಗೂ ರಾಜಸ್ಥಾನ ರಾಯಲ್ಸ್ ತಂಡಗಳನ್ನು ನಡೆಸುವವರನ್ನು ಎರಡು ವರ್ಷ ಅಮಾನತು ಮಾಡಿತು.

ಆದರೆ ಇದರಿಂದ ಕಲಿಯುವ ಪಾಠ ಬೇರೆ. ಅಂಥ ಸುದ್ದಿ ನಿಜವಿದ್ದರೆ ನಾಲ್ಕೈದು ಕೈಗಳಲ್ಲೇ ಉಳಿಯುತ್ತದೆ. ಹೊರಗೆ ಹರಡಿದ ಕ್ಷಣವೇ ರೇಟು ಬಿದ್ದುಹೋಗುತ್ತದೆ, ಸುದ್ದಿಯ ಬೆಲೆಯೂ ಹೋಗುತ್ತದೆ. ಕೋಟಿ ತರುವ ಗುಟ್ಟನ್ನು ಎರಡು ಸಾವಿರಕ್ಕೆ ಸಾವಿರಾರು ಜನರ ಗ್ರೂಪಿನಲ್ಲಿ ಹಾಕುವ ಧರ್ಮಾತ್ಮ ಎಲ್ಲೂ ಇಲ್ಲ. ನಿಜ ಫಿಕ್ಸಿಂಗ್ ಆಗಿದ್ದರೆ ಅದರಲ್ಲಿ ಮೋಸ ಹೋಗುವವರು ಹೊರಗಿನಿಂದ ರೊಕ್ಕ ಹಚ್ಚಿದ ನಮ್ಮಂಥವರೇ.

ಎತ್ತಿನ ಹಲ್ಲು ನೋಡಿದಂತೆ ನೋಡಿ

ಜಾತ್ರೆಯ ದನದ ಸಂತೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು ಎಣಿಸುತ್ತೇವೆ, ನಡೆಸಿ ನೋಡುತ್ತೇವೆ. ಟಿಪ್ಪಿಗೂ ಅಂಥ ಪರೀಕ್ಷೆ ಇದೆ. ಒಂದು ಪೈಸೆ ಹಚ್ಚದೆ, ಫೀ ಕೊಡದೆ ಮಾಡುವ ಪರೀಕ್ಷೆ. ಹುಡುಗ ಹಟ ಹಿಡಿದರೆ ಅವನ ಕೈಗೇ ಒಂದು ಹಳೇ ಉದ್ರಿ ವಹಿ ಕೊಟ್ಟು ಬರೆಯಲು ಹೇಳಿ.

1. ಪಂದ್ಯ ಶುರುವಾಗುವ ಮೊದಲೇ ಟಿಪ್ ಬಂತೇ? ದಿನ, ವೇಳೆ ಬರೆಯಿರಿ. ಆಟ ನಡೆಯುವಾಗ ಬಂದದ್ದು, ಮುಗಿದ ಮೇಲೆ ‘ಹೇಳಿದ್ದೆವಲ್ಲ’ ಎಂದದ್ದು ಲೆಕ್ಕಕ್ಕಿಲ್ಲ.

2. ರೇಟು ಎಷ್ಟಿತ್ತು? ಅವನು ಹೇಳಿದ ರೇಟು ನಿಮಗೆ ನಿಜಕ್ಕೂ ಸಿಗುತ್ತಿತ್ತೇ? 1.90 ಎಂದದ್ದು ಸಾವಿರ ಮಂದಿ ಓದುವಷ್ಟರಲ್ಲಿ 1.75 ಆಗಿದ್ದರೆ ಅಸಲು ಉಳಿಯಲು 100ಕ್ಕೆ 53 ಸಾಲದು, 57ಕ್ಕಿಂತ ಹೆಚ್ಚು ಸರಿ ಬರಬೇಕು.

3. ಎಲ್ಲಾ ಟಿಪ್ ಬರೆಯಿರಿ. ತಪ್ಪಾದದ್ದನ್ನು ಎರಡು ಸಲ ಬರೆದರೂ ಅಡ್ಡಿಯಿಲ್ಲ, ಒಂದನ್ನೂ ಬಿಡಬೇಡಿ. ಅವನು ಅಳಿಸಿದ ಮೆಸೇಜಿಗೆ ಒಂದು ಗುರುತು ಹಾಕಿ.

4. ಪ್ರತಿ ಟಿಪ್ಪಿಗೂ ಸಮನಾಗಿ ನೂರು ರೂಪಾಯಿ ಹಚ್ಚಿದಂತೆ ಲೆಕ್ಕ ಹಾಕಿ. ‘ಗೆದ್ದದ್ದಕ್ಕೆ ದೊಡ್ಡದು, ಸೋತದ್ದಕ್ಕೆ ಸಣ್ಣದು’ ಎಂದು ಆಮೇಲೆ ಹೇಳುವ ಆಟ ಬೇಡ.

5. ಕೊನೆಗೆ ಫೀ ಕಳೆಯಿರಿ.

6. ಟಿಪ್ ಕೊಟ್ಟವನು ಯಾರು, ಅವನ ಆದಾಯ ಎಲ್ಲಿಂದ? ಹೆಸರು, ವಿಳಾಸ ಇದೆಯೇ? ರಸೀದಿ ಕೊಡುತ್ತಾನೆಯೇ?

ಷೇರು ಪೇಟೆಯಲ್ಲಿ ಫೀ ಪಡೆದು ಸಲಹೆ ಕೊಡುವವರು ಸೆಬಿಯಲ್ಲಿ ನೋಂದಣಿ ಮಾಡಿಸಬೇಕು, ನಿಶ್ಚಿತ ಲಾಭದ ಭರವಸೆ ಕೊಡುವಂತಿಲ್ಲ. ಬೆಟ್ಟಿಂಗ್ ಟಿಪ್ ಮಾರುವವನಿಗೆ ಅಂಥ ಯಾವ ನೋಂದಣಿಯೂ ಇಲ್ಲ, ಕೇಳುವ ಧಣಿಯೂ ಇಲ್ಲ. ‘ಗ್ಯಾರಂಟಿ’ ಎಂಬ ಮಾತು ಬಂದರೆ ಅಲ್ಲಿಗೇ ವಹಿ ಮುಚ್ಚಬಹುದು.

ಕಾನೂನು ಏನು ಹೇಳುತ್ತದೆ?

ಇಷ್ಟೆಲ್ಲಾ ಪರೀಕ್ಷೆಯಲ್ಲಿ ಯಾವನೋ ಒಬ್ಬ ಪಾಸಾದ ಎನ್ನಿ. ಆಗಲೂ ಒಂದು ಗೋಡೆ ಉಳಿಯುತ್ತದೆ. ಹಚ್ಚುವುದೆಲ್ಲಿ?

ಗಡಿಯ ಜನಕ್ಕೆ ‘ನಮಗೆ ಯಾವ ರಾಜ್ಯದ ಕಾನೂನು’ ಎಂಬ ಗೊಂದಲ ಎಲ್ಲ ವಿಷಯದಲ್ಲೂ ಇದ್ದದ್ದೇ. ಮಹಾರಾಷ್ಟ್ರದಲ್ಲಿ 1887ರ ಜೂಜು ತಡೆ ಕಾಯ್ದೆಯಿದೆ. ತೆಲಂಗಾಣ 2017ರಲ್ಲಿ, ಆಂಧ್ರ 2020ರಲ್ಲಿ ತಮ್ಮ ಕಾಯ್ದೆ ತಿದ್ದಿ ಆನ್‌ಲೈನ್ ಜೂಜನ್ನೂ ಸೇರಿಸಿದವು. ತಮಿಳುನಾಡು 2022ರಲ್ಲಿ ಪ್ರತ್ಯೇಕ ಕಾಯ್ದೆ ತಂದಿತು. ಇವೆಲ್ಲದರ ಮೇಲೆ ಇಡೀ ದೇಶಕ್ಕೆಂದು ಸಂಸತ್ತು ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯನ್ನು ಅಂಗೀಕರಿಸಿತು. ಅದಕ್ಕೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು.

ರೊಕ್ಕ ಹಚ್ಚಿ ಆಡುವ ಆನ್‌ಲೈನ್ ಆಟ ನಡೆಸಿದರೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ ಎಂದು ಆ ಕಾಯ್ದೆಯಲ್ಲಿದೆ. ನೇರವಾಗಿಯಾಗಲಿ, ಸುತ್ತುಬಳಸಿಯಾಗಲಿ ಜನರನ್ನು ಅದಕ್ಕೆ ಎಳೆಯುವ ಜಾಹೀರಾತಿಗೆ 2 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ‘ಈ ಲಿಂಕ್ ಒತ್ತು’ ಎನ್ನುವವರು ಈ ಸಾಲನ್ನು ಓದಿಕೊಳ್ಳುವುದು ಒಳ್ಳೆಯದು. ಬರೀ ಆಡಿದವನಿಗೆ ಆ ಕಾಯ್ದೆಯಲ್ಲಿ ಶಿಕ್ಷೆಯಿಲ್ಲ. ಆದರೆ ರಾಜ್ಯಗಳ ಜೂಜು ಕಾಯ್ದೆಗಳ ಮಾತು ಬೇರೆ.

ಇನ್ನೊಂದು ಹಳೆಯ ಕಾನೂನು ಎಲ್ಲರಿಗೂ ಗೊತ್ತಿರಬೇಕು. 1872ರ ಕರಾರು ಕಾಯ್ದೆಯ 30ನೇ ಕಲಮಿನ ಪ್ರಕಾರ ಪಣದ ಒಪ್ಪಂದಕ್ಕೆ ಕಿಮ್ಮತ್ತಿಲ್ಲ. ಗೆದ್ದ ರೊಕ್ಕ ಬುಕ್ಕಿ ಕೊಡದಿದ್ದರೆ ಕೋರ್ಟಿಗೆ ಹೋಗಿ ವಸೂಲು ಮಾಡಲಾಗದು. ಸೋತರೆ ನಿಮ್ಮದು ಹೋಯಿತು, ಗೆದ್ದರೆ ಅವನು ಮನಸ್ಸು ಮಾಡಿದರೆ ಬಂತು!

ಮನೆಯವರು ಏನು ಮಾಡಬೇಕು?

ರಾತ್ರಿ ಪಂದ್ಯ ಮುಗಿಯುವವರೆಗೆ ಫೋನು ಬಿಡದಿರುವುದು, ಸಣ್ಣ ಸಣ್ಣ ಕೈಸಾಲ, ಇಂಡಿ, ಅಫಜಲಪುರದ ಬೀಗರ ಮನೆಗೂ ರೊಕ್ಕ ಕೇಳಿ ಫೋನು, ಖಾತೆಯಿಂದ ಗೊತ್ತಿಲ್ಲದ ಹೆಸರುಗಳಿಗೆ ಹಣ ಹೋಗುವುದು, ಕಾರಣವಿಲ್ಲದೆ ಸಿಟ್ಟು. ಇವು ಕಂಡರೆ ಕುಳಿತು ಮಾತಾಡುವ ಹೊತ್ತು ಬಂದಿದೆ ಎಂದರ್ಥ.

ಬೈದು, ಬಡಿದು, ಓಣಿಯ ಮಂದಿಯ ಮುಂದೆ ಮರ್ಯಾದೆ ತೆಗೆದರೆ ಹುಡುಗ ಸಾಲವನ್ನು ಇನ್ನೂ ಆಳಕ್ಕೆ ಬಚ್ಚಿಡುತ್ತಾನೆ. ಬಚ್ಚಿಟ್ಟ ಸಾಲ ಜೀವಕ್ಕೇ ಎರವಾದೀತು. “ಎಷ್ಟ ಆಗೇದ ಹೇಳಪಾ, ಕೂಡಿ ತೀರಿಸೋಣ, ಆದ್ರ ಇವತ್ತಿಗೇ ನಿಲ್ಲಬೇಕು” ಎಂದು ಅವ್ವ-ಅಪ್ಪ ಹೇಳಿದರೆ ಅರ್ಧ ಭಾರ ಇಳಿದಂತೆ. ಮನೆಯ ರೊಕ್ಕ ಬರುವ ಖಾತೆಯನ್ನು ಹುಡುಗನ ಫೋನಿನ ಯುಪಿಐನಿಂದ ಬೇರೆ ಮಾಡಿ. ರೊಕ್ಕ ಪಡೆಯಲು ಯುಪಿಐ ಪಿನ್ ಒತ್ತುವ ಅಗತ್ಯ ಎಂದೂ ಇಲ್ಲ, ‘ಗೆದ್ದ ಹಣ ಕಳಿಸ್ತೀವಿ, ಪಿನ್ ಹಾಕು’ ಎಂದರೆ ಅದು ಕಳವು ಎಂಬುದನ್ನು ಮನೆಯ ಎಲ್ಲರಿಗೂ ಹೇಳಿ.

ಟಿಪ್ ಹೆಸರಿನಲ್ಲಿ ರೊಕ್ಕ ಪಡೆದು ಮಾಯವಾದವನ ವಿರುದ್ಧ ಸೈಬರ್ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಬಹುದು. ಈ ನಂಬರ್ ಎಲ್ಲ ರಾಜ್ಯಕ್ಕೂ ಒಂದೇ. ತಡಮಾಡಿದಷ್ಟೂ ಹಣ ಮುಂದಿನ ಖಾತೆಗೆ ಜಾರುತ್ತದೆ. ಚಟ ಬಿಡಿಸಲು, ಮನಸ್ಸು ಕುಸಿದಾಗ ಮಾತಾಡಲು ಟೆಲಿಮಾನಸ್ 14416 ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆ ಪುಕ್ಕಟೆ, ಕನ್ನಡದಲ್ಲೂ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಆನ್‌ಲೈನ್ ಆಟದ ಗೀಳಿಗಾಗಿಯೇ 2014ರಿಂದ ‘ಶಟ್’ ಕ್ಲಿನಿಕ್ ನಡೆಯುತ್ತಿದೆ.

ಕ್ರಿಕೆಟ್ ನೋಡುವುದು ಬೇಡ ಎಂದು ಯಾರೂ ಹೇಳುತ್ತಿಲ್ಲ. ಕಟ್ಟೆಯ ಮೇಲೆ ಕುಂತು ‘ಇವತ್ತ ಯಾರು ಗೆಲ್ತಾರ’ ಎಂದು ವಾದ ಮಾಡುವ ಸುಖವೇ ಬೇರೆ. ಅಲ್ಲಿ ತಪ್ಪು ಹೇಳಿದವನು ಚಹಾ ಕುಡಿಸಿದರೆ ಮುಗಿಯಿತು. ಮಳೆ ನಂಬಿ, ನೀರು ಕಾದು, ಬೆವರು ಸುರಿಸಿ ಬಂದ ರೊಕ್ಕವನ್ನು ಮುಖ ಕಾಣದವನ ಮಾತಿಗೆ ಹಚ್ಚುವ ಮುನ್ನ ಒಂದೇ ಪ್ರಶ್ನೆ ಕೇಳಿ: “ನಿನ್ನ ಹಳೇ ವಹಿ ತೋರ್ಸಪಾ, ಸೋತದ್ದೂ ಸೇರಿ.” ತೋರಿಸುವವನು ಸಿಗುವುದು ಕಷ್ಟ. ಅಲ್ಲಿಯವರೆಗೆ ರೊಕ್ಕ ಮನೆಯಲ್ಲೇ ಇರಲಿ, ಏನಂತೀರಿ?